ಗ್ರಾಮದಲ್ಲಿ ಬೇಸಾಯದ ಕಮ್ಮಟವನ್ನು ನಡೆಸತಕ್ಕ ಕ್ರಮ

ಮುಂಗಾರಿಗೆ ಮುನ್ನವೂ, ಪೈರು ಮೊಣಕಾಲೆತ್ತರಕ್ಕೆ ಬಂದಾಗಲೂ ಊರೂರುಗಳಲ್ಲಿ ರೈತರ ಸಭೆಗಳು ಕೂಡುವುದು ವಾಡಿಕೆಯಾಗಿದೆ. ಹಾರ ತುರಾಯಿಗಳು ಅರ್ಪಿತವಾಗುತ್ತವೆ. ಮೂರು ನಾಲ್ಕು ಭಾಷಣಗಳಾಗುತ್ತವೆ. ವಂದನಾರ್ಪಣೆಯೊಡನೆ ಸಭೆಯು ಮುಗಿಯುತ್ತದೆ. ಮರುದಿನ ಹೊಲಕ್ಕೆ ಹೋದ ರೈತನು ಹಿಂದಿನ ದಿನ ಏನು ಮಾಡುತ್ತಿದ್ದನೋ ಅದನ್ನೇ ಮಾಡುತ್ತಾನೆ. ಇದರಲ್ಲಿ ರೈತನ ದೋಷವೇನೂ ಇಲ್ಲ. ಕೇಳಿದ್ದನ್ನು ಕೈಯಿಂದ ಮಾಡಿ ನೋಡುವ ಅವಕಾಶವನ್ನು ಅವನಿಗೆ ಯಾರೂ ಕೊಡಲಿಲ್ಲ; ಅವನಿಗೆ ತಿಳಿದಿದ್ದುದನ್ನು ಯಾರೂ ಕೇಳಲೂ ಇಲ್ಲ. ಇಂಥ ಸಭೆಗೆ ಬದಲಾಗಿ ಒಂದು ದಿನದ ಕಮ್ಮಟವನ್ನು ಏರ್ಪಡಿಸುವುದು ಹೇಗೆಂಬುದನ್ನು ಗ್ರಾಮದ ಮುಖಂಡರ ಮತ್ತು ಜಮೀನುದಾರರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶವಾಗಿದೆ.

ಕಮ್ಮಟವೆಂಬುದು ಮೂಲತಃ ನಾಣ್ಯಗಳಿಗೆ ಅಚ್ಚು ಹಾಕತಕ್ಕ ಸಾಲೆಯ ಹೆಸರು. ಅಲ್ಲಿಗೆ ಹೋದ ಲೋಹವು ಹೋದಂತೆಯೇ ಹೊರಗೆ ಬರುವುದಿಲ್ಲ. ಸಭೆಗೂ ಕಮ್ಮಟಕ್ಕೂ ಇರುವ ಭೇದವು ಇಷ್ಟೇ ಆಗಿರುತ್ತದೆ.

ಕೊಪ್ಪಳ ಸೀಮೆಯವರಿಗೆ ಇದಕ್ಕೆ ನಿದರ್ಶನವನ್ನು ದೂರದಿಂದ ತರಬೇಕಾದುದಿಲ್ಲ. ಕಿನ್ನಾಳದಲ್ಲಿ ಚಿತ್ರಗಾರರ ಮನೆಗಳಿವೆ. ಅವರ ಪೂರ್ವಿಕರು ವಿಜಯನಗರದ ಕಾಲದಲ್ಲಿ ಹಂಪೆಯ ದೇವಾಲಯದ ಚಿತ್ರಕೆಲಸದಲ್ಲಿ ತೊಡಗಿದ್ದರೆಂಬ ಹೇಳಿಕೆಯುಂಟು. ಅವರು ಮಾಡುವ ಮರದ ಗೊಂಬೆಗಳಿಗೆ ಈಗ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆತಿದೆ. ಹಗುರವಾದ ಮರವನ್ನು ಕೆತ್ತಿ, ಬಿಡಿಭಾಗಗಳನ್ನು ಹುಣಿಸೆ ಬೀಜದ ಅಂಟಿನಿಂದ ಜೋಡಿಸಿ, ಸಣಬಿನ ಚಿಂದಿಯ ಪುಡಿ, ಮರದ ಹೊಟ್ಟು ಮತ್ತು ಅದೇ ಅಂಟು ಸೇರಿದ ಕಿಟ್ಟದಿಂದ ಮೇಲ್ಮೈಯನ್ನು ಸರಿಮಾಡಿ, ಆ ಬಳಿಕ ಬಣ್ಣವಿಡುವುದು ಅಲ್ಲಿಯ ಕ್ರಮ. ಅಂಟು ಎಷ್ಟು ಗಟ್ಟಿಯಾಗಿರಬೇಕೆಂಬುದನ್ನು ಹಿರಿಯನು ಹುಡುಗನಿಗೆ ಉಪನ್ಯಾಸ ಮಾಡಿ ತಿಳಿಸುವುದಿಲ್ಲ. ಅರೆಗೆಲಸದ ಗೊಂಬೆಯನ್ನು ಅವನ ಕೈಗಿತ್ತು ತಾನು ಪಕ್ಕದಲ್ಲಿ ಕುಳಿತುಕೊಳ್ಳುತ್ತಾನೆ. ಹುಡುಗನು ತಪ್ಪು ಮಾಡುತ್ತಾನೆ. ಆ ತಪ್ಪು ಗೊಂಬೆಯ ಮೇಲೆ ಕಾಣುತ್ತದೆ. ಹಿರಿಯನು ಎರಡೇ ಮಾತಾಡುತ್ತಾನೆ. ಬೇಸಾಯದ ಕಮ್ಮಟವನ್ನು ನಡೆಸಬೇಕೆನ್ನುವವರು ಮೊದಲು ಇಂಥ ಒಂದು ಪಡಸಾಲೆಯಲ್ಲಿ ಅರ್ಧ ದಿನ ಸುಮ್ಮನೆ ಕುಳಿತು ನೋಡಿ ಬರುವುದು ಲೇಸೆಂದು ನನ್ನ ಅಭಿಪ್ರಾಯ.

ಬೇಸಾಯದಲ್ಲಿಯೂ ಈ ಮಾರ್ಗವು ಹೊಸದಲ್ಲ. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದು 1913ರಲ್ಲಿ ಬೇಸಾಯ ಇಲಾಖೆಯ ನಿರ್ದೇಶಕರಾದ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆಯನ್ನು ಬಳಕೆಗೆ ತಂದರು. ಅದಕ್ಕೆ ಮೊದಲು ಗೊನೆಗಳಿಗೆ ಕೊಟ್ಟೆ ಕಟ್ಟಿ ಮಳೆಯನ್ನು ತಡೆಯುವುದೇ ತೋಟಿಗರಿಗೆ ಇದ್ದ ಉಪಾಯವಾಗಿತ್ತು. ಔಷಧ ಹೊಡೆದ ಮರದ ಗೊನೆಯನ್ನೂ ಹೊಡೆಯದ ಮರದ ಗೊನೆಯನ್ನೂ ಒಂದೇ ತೋಟದಲ್ಲಿ ಕಂಡವನಿಗೆ ಬೇರೆ ಪುರಾವೆ ಬೇಕಾಗುವುದಿಲ್ಲ. ಬಹುಕಾಲದ ತರುವಾಯ, 1989ರಲ್ಲಿ, ಇಂಡೋನೇಷ್ಯಾ ದೇಶದ ಭತ್ತದ ಗದ್ದೆಗಳಲ್ಲಿ ರೈತ ಕ್ಷೇತ್ರ ಪಾಠಶಾಲೆಗಳೆಂಬುವು ಆರಂಭವಾದುವು. ಇಪ್ಪತ್ತೈದು ಜನರ ಆಸುಪಾಸಿನ ಗುಂಪು ವಾರಕ್ಕೊಮ್ಮೆ ಗದ್ದೆಗಿಳಿದು, ಕೀಟಗಳನ್ನು ತಾವೇ ಎಣಿಸಿ, ಕಂಡದ್ದನ್ನು ಹಾಳೆಯ ಮೇಲೆ ಬರೆದು, ಔಷಧವು ಬೇಕೋ ಬೇಡವೋ ಎಂಬುದನ್ನು ತಾವೇ ನಿಶ್ಚಯಿಸುವ ಪದ್ಧತಿಯದು. ನಮ್ಮಲ್ಲಿ 2009ರಲ್ಲಿ ಪ್ರಾರಂಭವಾದ ಭೂಚೇತನ ಯೋಜನೆಯಲ್ಲಿ ರೈತ ಅನುವುಗಾರರೆಂಬ ಹೆಸರು ಬಳಕೆಗೆ ಬಂದಿತು. ಬಹಳ ಒಳ್ಳೆಯ ಹೆಸರು. ಕಮ್ಮಟವನ್ನು ನಡೆಸುವವನು ಉಪದೇಶಕನಲ್ಲ. ಇತರರ ಕೆಲಸಕ್ಕೆ ಅನುವು ಮಾಡಿಕೊಡುವವನು ಮಾತ್ರ.

ಮಾತು ಗಾಳಿಯಲ್ಲಿ ಹೋಗದಂತೆ ಒಂದು ಬೆಳೆಯನ್ನೂ ಒಂದು ಪೀಡೆಯನ್ನೂ ಹಿಡಿದುಕೊಂಡು ಮುಂದುವರಿಯೋಣ. ಕಿನ್ನಾಳದ ಸುತ್ತಣ ಸೀಮೆಯಲ್ಲಿ ಎರೆಯೂ ಉಂಟು, ಮಸಾರಿಯೂ ಉಂಟು. ಮಳೆಯು ವರ್ಷಕ್ಕೆ ಸುಮಾರು 600 ಮಿಲಿಮೀಟರು ಬಂದರೆ ಬಂದಿತು. ಈ ಜಿಲ್ಲೆಯಲ್ಲಿ ಗೋವಿನಜೋಳವು ಬಹಳ ಹಬ್ಬಿರುವ ಬೆಳೆ. ಅದಕ್ಕೆ 2018ರಲ್ಲಿ ಒಂದು ಹೊಸ ಶತ್ರು ಬಂದಿತು. ಅಮೆರಿಕ ಖಂಡಗಳ ಮೂಲದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊಟ್ಟಮೊದಲು ಕಂಡುಬಂದದ್ದು ನಮ್ಮ ಕರ್ನಾಟಕದಲ್ಲಿಯೇ. ತಲೆಯ ಮೇಲೆ ತಿರುವಿಟ್ಟ ಕವಣೆಕೋಲಿನಂಥ ಬಿಳಿಯ ಗೆರೆ, ಬಾಲದ ಸಮೀಪದಲ್ಲಿ ಚೌಕವಾಗಿ ನಾಲ್ಕು ಕಪ್ಪು ಚುಕ್ಕೆ, ಇವೆರಡೂ ಇದ್ದರೆ ಅದೇ ಹುಳುವೆಂದು ತಿಳಿಯತಕ್ಕದ್ದು. ಕಿನ್ನಾಳದಂಥ ಊರಿನಲ್ಲಿ ಈ ಹುಳುವನ್ನು ಕುರಿತು ಕಮ್ಮಟವೊಂದನ್ನು ನಡೆಸಬೇಕಾಗಿದೆಯೆಂದು ಭಾವಿಸಿಕೊಳ್ಳಿರಿ.

ಮೊದಲು ನಿಶ್ಚಯವಾಗಬೇಕಾದದ್ದು, ಸಂಜೆ ಮನೆಗೆ ಹೋಗುವಾಗ ಬಂದವನ ಕೈಯಲ್ಲಿ ಯಾವ ಹೊಸ ಕೆಲಸವಿರಬೇಕು ಎಂಬುದು. ‘ಗೋವಿನಜೋಳದ ವೈಜ್ಞಾನಿಕ ಬೇಸಾಯ’ ಎಂದು ಫಲಕ ಬರೆಯಿಸಿದರೆ ಬೀಜದಿಂದ ಹಿಡಿದು ಮಾರಾಟದವರೆಗೆ ಎಲ್ಲವನ್ನೂ ಹೇಳಬೇಕಾಗುತ್ತದೆ, ಯಾವುದೂ ನಿಲ್ಲುವುದಿಲ್ಲ. ‘ಬಂದ ಪ್ರತಿಯೊಬ್ಬರೂ ತಮ್ಮ ಹೊಲದಲ್ಲಿ ನೂರು ಗಿಡಗಳನ್ನು ಎಣಿಸಿ, ಔಷಧ ಹೊಡೆಯಬೇಕೋ ಬೇಡವೋ ಎಂಬುದನ್ನು ತಾವೇ ತೀರ್ಮಾನಿಸಲು ಶಕ್ತರಾಗಬೇಕು, ಹೊಡೆಯಬೇಕಾದರೆ ಅಳತೆ ತಪ್ಪದೆ ಹೊಡೆಯಬೇಕು’ ಎಂದು ಒಂದು ವಾಕ್ಯವನ್ನು ಬರೆದಿಟ್ಟುಕೊಂಡರೆ, ಯಾರನ್ನು ಕರೆಯಬೇಕು, ಎಲ್ಲಿ ಕೂಡಬೇಕು, ಏನು ಸಾಮಗ್ರಿ ಬೇಕು ಎಂಬುದೆಲ್ಲವೂ ಆ ವಾಕ್ಯದಿಂದಲೇ ಹೊರಡುತ್ತದೆ.

ದಿನವನ್ನು ಗೊತ್ತುಮಾಡುವುದರಲ್ಲಿ ಆಗುವಷ್ಟು ತಪ್ಪು ಮತ್ತೆ ಯಾವುದರಲ್ಲಿಯೂ ಆಗುವುದಿಲ್ಲ. ಪತಂಗವು ಎಲೆಯ ಮೇಲೆ ನೂರರಿಂದ ಇನ್ನೂರು ತತ್ತಿಗಳನ್ನು ಒಂದೇ ಗುಂಪಾಗಿ ಇಟ್ಟು ಮೈಯ ರೋಮದಿಂದ ಮುಚ್ಚುತ್ತದೆ. ಎರಡು ಮೂರು ದಿನಗಳಲ್ಲಿ ಮರಿಗಳು ಹೊರಬಿದ್ದು ಎಲೆಯನ್ನು ಕೆರೆದು ತಿನ್ನಲು, ಎಲೆಯ ಮೇಲೆ ಕಾಗದದಂಥ ಬಿಳಿಯ ಕಿಟಕಿಗಳು ಕಾಣಿಸಿಕೊಳ್ಳುತ್ತವೆ. ಮರಿಗಳನ್ನು ಕೊಲ್ಲುವುದಕ್ಕೆ ಇದೇ ಸುಲಭವಾದ ಕಾಲ. ಮುಂದೆ ಬಲಿತ ಹುಳುವು ಸುಳಿಯೊಳಗೆ ಸೇರಿ, ಮರದ ಹೊಟ್ಟಿನಂಥ ತನ್ನ ಹಿಕ್ಕೆಯಿಂದಲೇ ಬಾಗಿಲು ಮುಚ್ಚಿಕೊಳ್ಳುವುದರಿಂದ ಔಷಧವು ಅದಕ್ಕೆ ತಗಲುವುದೇ ಕಷ್ಟ. ಹುಳುವಿನ ಅವಸ್ಥೆಯು ಎರಡರಿಂದ ಮೂರು ವಾರಗಳು. ಆಮೇಲೆ ಅದು ಮಣ್ಣಿಗಿಳಿದು ಕೋಶವಾಗುತ್ತದೆ. ಹೀಗಿರುವಲ್ಲಿ, ಉದ್ಘಾಟಿಸತಕ್ಕ ಗಣ್ಯರಿಗೆ ಬಿಡುವಿಲ್ಲವೆಂದು ಸಭೆಯನ್ನು ಮೂರು ವಾರ ಮುಂದಕ್ಕೆ ಹಾಕಿದರೆ, ಆ ದಿನ ಭಾಷಣ ಕೇಳುವುದಕ್ಕೆ ಹುಳುಗಳೂ ಹೊಲದಲ್ಲಿ ಉಳಿದಿರುವುದಿಲ್ಲ! ಹುಟ್ಟಿದ ಪೈರು ಎರಡರಿಂದ ಮೂರು ವಾರದ್ದಾಗಿರುವಾಗ, ಮೊದಲ ಕಿಟಕಿಗಳು ಕಂಡ ನಾಲ್ಕೈದು ದಿನಗಳೊಳಗೆ, ಗಣ್ಯರು ಬರಲಿ ಬಿಡಲಿ, ಕಮ್ಮಟವು ನಡೆಯತಕ್ಕದ್ದು. ಸಂತೆಯ ದಿನವನ್ನೂ ಎಡೆಕುಂಟೆಯ ಅವಸರದ ದಿನಗಳನ್ನೂ ಬಿಡಬೇಕು. ಸೋಮವಾರದಲ್ಲಿ ಎತ್ತುಗಳಿಗೆ ನೊಗ ಹೂಡದಿರುವ ವಾಡಿಕೆಯು ನಮ್ಮ ಕಡೆ ಇರುವುದರಿಂದ ಆ ದಿನವು ಬಹುಮಂದಿಗೆ ಅನುಕೂಲವಾದೀತು.

ಯಾರನ್ನು ಕರೆಯಬೇಕೆಂಬ ಪ್ರಶ್ನೆಯು ಜಮೀನುದಾರರಿಗೆ ನೇರವಾಗಿ ಸಂಬಂಧಪಟ್ಟದ್ದು. ಪತ್ರ ಹೋಗುವುದು ಖಾತೆದಾರನಿಗೆ. ಹೊಲದಲ್ಲಿ ಇರುವವನು ಕೋರಿನ ರೈತ. ಕಳೆ ತೆಗೆಯುವವರು ಹೆಣ್ಣಾಳುಗಳು. ಸಿಂಪಡಿಸುವ ಯಂತ್ರವನ್ನು ಬೆನ್ನಿಗೆ ಕಟ್ಟಿಕೊಳ್ಳುವವನು ಕೂಲಿಯವನು. ಖಾತೆದಾರನೊಬ್ಬನೇ ಬಂದು ಕುಳಿತರೆ, ಹುಳುವನ್ನು ಮೊದಲು ಕಾಣುವ ಕಣ್ಣೂ ಇಲ್ಲ, ಔಷಧವನ್ನು ಬೆರೆಸುವ ಕೈಯೂ ಇಲ್ಲ. ಇಪ್ಪತ್ತೈದು ಜನರನ್ನು ಮೀರದ ಗುಂಪಿನಲ್ಲಿ ಈ ನಾಲ್ಕು ಬಗೆಯವರೂ ಇರತಕ್ಕದ್ದು. ಕೂಲಿಯವರಿಗೆ ಆ ದಿನದ ಕೂಲಿಯನ್ನು ಜಮೀನುದಾರರು ಪೂರ್ತಿಯಾಗಿ ಕೊಡಬೇಕು. ಇದನ್ನು ಓದಿ ಕೆಲವರು ಹುಬ್ಬು ಗಂಟಿಕ್ಕಿಯಾರು. ಆದರೆ ಒಂದು ದಿನದ ಕೂಲಿ ಹೋದರೆ ಆ ರಾತ್ರಿಯ ಒಲೆಯ ಚಿಂತೆ ಇರುವವನು ಉಚಿತವಾಗಿ ಬಂದು ಕಲಿಯಲಿ ಎಂದು ನಿರೀಕ್ಷಿಸುವುದು ನ್ಯಾಯವಲ್ಲ. ಅವನು ಕಲಿತದ್ದರ ಲಾಭವು ಬಹುಮಟ್ಟಿಗೆ ಸೇರುವುದು ಜಮೀನಿನ ಒಡೆಯನಿಗೇ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಇಲ್ಲಿ ಹೇಳದಿರಲಾರೆ. ಕೆಲವು ವರ್ಷಗಳ ಹಿಂದೆ ಒಂದು ಊರಿನ ದೇವಸ್ಥಾನದ ಕಟ್ಟೆಯ ಮೇಲೆ ನಿಂತು ಇದೇ ಹುಳುವಿನ ಜೀವನಚರಿತ್ರೆಯನ್ನು ಧ್ವನಿವರ್ಧಕದಲ್ಲಿ ಎರಡು ತಾಸು ವರ್ಣಿಸಿದೆನು. ಮುಂದಿನ ಸಾಲಿನವರು ತಲೆದೂಗಿದರು. ಮುಗಿದ ಮೇಲೆ ನೀರು ಕುಡಿಯಲು ಹಿಂದಕ್ಕೆ ಹೋದಾಗ, ಕಂಬದ ಮರೆಯಲ್ಲಿ ಕುಳಿತಿದ್ದ ವಯಸ್ಸಾದ ಹೆಣ್ಣಾಳೊಬ್ಬಳನ್ನು, ‘ನೀವು ಹೊಲದಲ್ಲಿ ಏನಾದರೂ ನೋಡಿದ್ದೀರೇನವ್ವಾ?’ ಎಂದು ಕೇಳಿದೆನು. ‘ಎಂಟು ದಿನದ ಹಿಂದನ ಎಲಿ ಮ್ಯಾಲ ಬೂಸರ ಹಿಡದಂಗ ತತ್ತಿ ನೋಡೀನ್ರಿ ಸಾಹೇಬ್ರ. ಯಾರೂ ಕೇಳಲಿಲ್ಲ, ನಾ ಹೇಳಲಿಲ್ಲ’ ಎಂದಳು. ಆಕೆಯನ್ನು ಎಂಟು ದಿನದ ಹಿಂದೆ ಕೇಳಿದ್ದರೆ ಆ ತತ್ತಿಗಳನ್ನು ಕೈಯಿಂದಲೇ ಹೊಸಕಿ ಹಾಕಬಹುದಾಗಿತ್ತು; ಔಷಧದ ಮಾತೇ ಬರುತ್ತಿರಲಿಲ್ಲ. ಅಂದಿನಿಂದ ಕಟ್ಟೆಯನ್ನೂ ಧ್ವನಿವರ್ಧಕವನ್ನೂ ನಾನು ಬಿಟ್ಟಿದ್ದೇನೆ.

ಸ್ಥಳವು ಹೊಲದ ಬದುವಾಗಿರಲಿ. ಹತ್ತಿರ ಬೇವಿನ ಮರದ ನೆರಳೂ, ಕುಡಿಯುವ ನೀರೂ, ಕೈ ತೊಳೆಯಲು ಬೇರೆ ನೀರೂ, ಸಾಬೂನೂ ಇರಬೇಕು. ಕುರ್ಚಿಗಳು ಬೇಡ, ಇಬ್ಬರಿಗೆ ಕುರ್ಚಿ, ಉಳಿದವರಿಗೆ ನೆಲ ಎಂದಾದೊಡನೆ ಮಾತು ಕುರ್ಚಿಯ ಕಡೆಯಿಂದ ನೆಲದ ಕಡೆಗೆ ಮಾತ್ರ ಹರಿಯುತ್ತದೆ. ಎಲ್ಲರೂ ಜಮಖಾನದ ಮೇಲೆ ದುಂಡಗೆ ಕುಳಿತರೆ ಸಾಕು. ಹೊಲವನ್ನು ಮುಂದಾಗಿಯೇ ನೋಡಿ, ಪೀಡೆಯಿರುವುದು ನಿಜವೆಂದು ಖಚಿತಮಾಡಿಕೊಳ್ಳತಕ್ಕದ್ದು. ತಜ್ಞರು ಬೇಕಾದಲ್ಲಿ ರೈತ ಸಂಪರ್ಕ ಕೇಂದ್ರಕ್ಕೆ ಅಥವಾ ಗಂಗಾವತಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಂದು ವಾರ ಮೊದಲು ತಿಳಿಸಿ, ಮೇಲೆ ಹೇಳಿದ ಒಂದು ವಾಕ್ಯವನ್ನೂ ಅವರಿಗೆ ಕಳುಹಿಸಬೇಕು. ಆ ವಾಕ್ಯವಿಲ್ಲದಿದ್ದರೆ ಅವರು ತಮಗೆ ತಿಳಿದುದನ್ನೆಲ್ಲ ಹೇಳಲು ಸಿದ್ಧರಾಗಿ ಬರುತ್ತಾರೆ, ಅದು ಅವರ ತಪ್ಪಲ್ಲ.

ಬೆಳಗ್ಗೆ ಬಿಸಿಲೇರುವ ಮುನ್ನ ಕೆಲಸವು ಹೊಲದಲ್ಲಿಯೇ ಪ್ರಾರಂಭವಾಗತಕ್ಕದ್ದು. ಐವರಿಗೊಂದರಂತೆ ಐದು ತಂಡ ಮಾಡಿ, ಒಡೆಯನೂ ಅವನ ಆಳೂ ಒಂದೇ ತಂಡದಲ್ಲಿ ಬಾರದಂತೆ ನೋಡಿಕೊಳ್ಳಬೇಕು. ಇದಕ್ಕೆ ಕಾರಣವನ್ನು ವಿವರಿಸುವುದು ಅನಾವಶ್ಯಕ. ಅಂಚಿನ ನಾಲ್ಕೈದು ಸಾಲುಗಳನ್ನು ಬಿಟ್ಟು, ಹೊಲದಲ್ಲಿ ಅಂಕುಡೊಂಕಾಗಿ ನಡೆದು, ಐದು ಕಡೆ ಇಪ್ಪತ್ತಿಪ್ಪತ್ತು ಗಿಡಗಳನ್ನು ಪ್ರತಿ ತಂಡವೂ ಸುಳಿ ಬಿಡಿಸಿ ನೋಡಲಿ. ಹೊಸದಾಗಿ ತಿಂದ ಗುರುತಿರುವ ಪ್ರತಿ ಗಿಡಕ್ಕೆ ಒಂದು ಬೆಣಚುಕಲ್ಲನ್ನು ಚೀಲಕ್ಕೆ ಹಾಕಿಕೊಂಡರೆ ಅಕ್ಷರ ಬಾರದವರಿಗೂ ಲೆಕ್ಕ ತಪ್ಪುವುದಿಲ್ಲ. ನೂರು ಗಿಡಕ್ಕೆ ಎಷ್ಟು ಕಲ್ಲೋ ಶೇಕಡಾ ಅಷ್ಟು ಬಾಧೆ. ಐದು ತಂಡಗಳ ಕಲ್ಲುಗಳನ್ನು ಬದುವಿನ ಮೇಲೆ ಐದು ಗುಡ್ಡೆಯಾಗಿ ಸುರಿಯಿಸಿರಿ. ಗುಡ್ಡೆಗಳು ಸಮನಾಗಿರುವುದಿಲ್ಲ. ಏಕೆ ಸಮನಾಗಿಲ್ಲವೆಂಬ ಒಂದೇ ಪ್ರಶ್ನೆಯಿಂದ, ಹಳೆಯ ಗಾಯವನ್ನು ಹೊಸದೆಂದು ಎಣಿಸಿದವರಾರು, ಸುಳಿ ಬಿಡಿಸದೆ ಮುಂದೆ ಹೋದವರಾರು, ಹೊಲದ ಯಾವ ಮೂಲೆಯಲ್ಲಿ ಬಾಧೆ ಹೆಚ್ಚು ಎಂಬುದೆಲ್ಲ ಬಯಲಾಗುತ್ತದೆ. ಇಡೀ ದಿನದಲ್ಲಿ ಅತ್ಯಂತ ಫಲವತ್ತಾದ ಹೊತ್ತು ಇದೇ ಆದುದರಿಂದ ಅವಸರಪಡಬಾರದು.

ಈ ಹೊತ್ತಿನಲ್ಲಿಯೇ ಗ್ರಾಮದ ಮುಖಂಡರ ಪರೀಕ್ಷೆಯೂ ಆಗುವುದು. ಗೌಡರು ಮೊದಲು ಬಾಯಿ ತೆರೆದು, ‘ಇದಕ್ಕೆ ಇಂಥ ಔಷಧ ಹೊಡೆಯಬೇಕು’ ಎಂದರೆ ಸಭೆಯ ಮಾತು ಅಲ್ಲಿಗೆ ಮುಗಿಯಿತು. ಬೇರೆ ಅನುಭವವಿದ್ದವನು ಅದನ್ನು ಮನೆಗೆ ಹಿಂದಿರುಗಿ ಹೆಂಡತಿಯೊಡನೆ ಹೇಳುವನೇ ಹೊರತು ಗೌಡರ ಎದುರಿಗೆ ಹೇಳನು. ಆದಕಾರಣ ಊರಿನ ಹಿರಿಯರು ಎಲ್ಲರ ಮಾತೂ ಮುಗಿದ ಬಳಿಕವೇ ಮಾತನಾಡುವುದೆಂದು ಮೊದಲೇ ಸಂಕಲ್ಪಿಸಿಕೊಳ್ಳಬೇಕು. ಅನುವುಗಾರನು ಪ್ರಶ್ನೆ ಕೇಳಿ ಸುಮ್ಮನಾಗತಕ್ಕದ್ದು. ಉತ್ತರವು ಬರುವವರೆಗೆ ಆಗುವ ಮೌನವು ಬಹಳ ದೀರ್ಘವಾಗಿ ತೋರುತ್ತದೆ. ಅದನ್ನು ತಾನೇ ತುಂಬಲು ಹೊರಟರೆ ಕೆಟ್ಟಿತು. ಹೆಚ್ಚು ಮಾತಾಡುವವನಿಗೆ ‘ನಿಮ್ಮ ಮಾತನ್ನು ಬರೆದುಕೊಂಡಿದ್ದೇನೆ, ಇವರದನ್ನೂ ಒಂದಿಷ್ಟು ಕೇಳೋಣ’ ಎಂದು ವಿನಯದಿಂದ ಹೇಳಿದರೆ ಅವನಿಗೆ ಮುಖಭಂಗವಾಗುವುದಿಲ್ಲ. ಹೆಣ್ಣಾಳುಗಳಿಗೆ ತುಂಬಿದ ಸಭೆಯಲ್ಲಿ ಪ್ರಶ್ನೆ ಹಾಕುವುದಕ್ಕಿಂತ, ಅವರವರಲ್ಲಿಯೇ ಮಾತಾಡಿಕೊಂಡು ಒಬ್ಬಳಿಂದ ಹೇಳಿಸಿರೆಂದು ಕೇಳುವುದು ಮೇಲು. ನೀರಿನ ಸರದಿ, ಬದುವಿನ ವ್ಯಾಜ್ಯ, ಬೆಂಬಲ ಬೆಲೆ ಮುಂತಾದ ದೊಡ್ಡ ವಿಷಯಗಳು ನಡುವೆ ಏಳದೆ ಇರವು. ಅವುಗಳನ್ನು ಗದರಿಸಿ ಅಡಗಿಸದೆ, ಬೇರೊಂದು ಹಾಳೆಯಲ್ಲಿ ಬರೆದು ಎಲ್ಲರಿಗೂ ಕಾಣುವಂತೆ ಮರಕ್ಕೆ ತೂಗುಹಾಕಿ, ಯಾವ ದಿನ ಎತ್ತಿಕೊಳ್ಳುವುದೆಂದು ಅಲ್ಲಿಯೇ ಗೊತ್ತುಮಾಡಬೇಕು.

ಊಟಕ್ಕೆ ಜೋಳದ ರೊಟ್ಟಿ, ಕಾಳುಪಲ್ಯ, ಶೇಂಗಾ ಹಿಂಡಿ, ಮಜ್ಜಿಗೆ ಸಾಕು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂಡತಕ್ಕದ್ದು. ಭಕ್ಷ್ಯಗಳನ್ನು ಮಾಡಿಸಿದರೆ ಮಧ್ಯಾಹ್ನದ ಕೆಲಸವು ನಿದ್ರೆಗೆ ಸಲ್ಲುತ್ತದೆ.

ಮಧ್ಯಾಹ್ನದ ಪಾಠವು ಅಳತೆಯದು. ಬಾಧೆಯು ಶೇಕಡಾ 5ರ ಸುಮಾರಿಗೆ ಬಂದಾಗ ಬೇವಿನ ಬೀಜದ ಕಷಾಯವು ಸಾಕಾಗುತ್ತದೆ: ಐದು ಕಿಲೋ ಬೇವಿನ ಬೀಜದ ತಿರುಳಿನ ಪುಡಿಯನ್ನು ರಾತ್ರಿ ನೆನೆಯಿಸಿ, ಬಟ್ಟೆಯಲ್ಲಿ ಸೋಸಿ, ನೂರು ಲೀಟರು ದ್ರಾವಣವಾಗುವಂತೆ ನೀರು ಕೂಡಿಸುವುದು. ಇದನ್ನು ಹೇಳುವುದಲ್ಲ, ಹಿಂದಿನ ರಾತ್ರಿಯೇ ನೆನೆಯಿಟ್ಟಿದ್ದನ್ನು ತಂದು ಅಲ್ಲಿಯೇ ಸೋಸಿಸಬೇಕು. ಬಾಧೆಯು ಶೇಕಡಾ 10ನ್ನು ಮೀರಿದರೆ ರಾಸಾಯನಿಕ ಔಷಧದ ಮಾತು ಬರುತ್ತದೆ. ಉದಾಹರಣೆಗೆ ಕ್ಲೋರಾಂಟ್ರಾನಿಲಿಪ್ರೋಲ್ 18.5 ಎಂಬುದನ್ನು ಲೀಟರಿಗೆ 0.4 ಮಿಲಿಲೀಟರಿನಂತೆ ಬೆರೆಸುವುದು ಶಿಫಾರಸು. ಹದಿನೈದು ಲೀಟರಿನ ಯಂತ್ರಕ್ಕೆ 6 ಮಿಲಿಲೀಟರು. ಎಕರೆಗೆ 200 ಲೀಟರು ನೀರಾದರೆ 80 ಮಿಲಿಲೀಟರು. ನಮ್ಮ ಊರುಗಳಲ್ಲಿ ಇದನ್ನು ಶೀಶೆಯ ಮುಚ್ಚಳದಿಂದ ಅಳೆಯುವ ರೂಢಿಯಿದೆ. ಬಂದವರೆಲ್ಲ ತಮ್ಮ ಮನೆಯಲ್ಲಿರುವ ಮುಚ್ಚಳಗಳನ್ನು ತರುವಂತೆ ಮೊದಲೇ ಹೇಳಿಕಳುಹಿಸಿ, ಬರಿಯ ನೀರನ್ನು ತುಂಬಿ ಅಳತೆಯ ಗಾಜಿಗೆ ಸುರಿಯಿಸಿರಿ. ಒಂದು ಮುಚ್ಚಳ ಹಿಡಿದಷ್ಟನ್ನು ಇನ್ನೊಂದು ಹಿಡಿಯುವುದಿಲ್ಲವೆಂಬುದನ್ನು ಪ್ರತಿಯೊಬ್ಬನೂ ತನ್ನ ಕಣ್ಣಿನಿಂದಲೇ ನೋಡಿದ ಮೇಲೆ, ಅಳತೆಯ ಗಾಜನ್ನು ಕೊಳ್ಳಿರೆಂದು ಯಾರೂ ಉಪದೇಶಿಸಬೇಕಾದುದಿಲ್ಲ.

ತರುವಾಯ ಯಂತ್ರಕ್ಕೆ ಬರಿಯ ನೀರನ್ನೇ ತುಂಬಿ, ಕೂಲಿಯವನ ಕೈಯಲ್ಲಿ ಹತ್ತು ಸಾಲು ಹೊಡೆಯಿಸಿ, ನೀರು ಸುಳಿಯೊಳಗೆ ಬಿದ್ದಿತೋ ಎಲೆಯ ಮೇಲೆಯೇ ಹರಿದುಹೋಯಿತೋ ಎಂಬುದನ್ನು ಉಳಿದವರು ನೋಡಲಿ. ಕೈಗವಸು, ಮುಖಕ್ಕೆ ಬಟ್ಟೆ, ತೋಳು ಮುಚ್ಚುವ ಅಂಗಿ ಇಲ್ಲದೆ ಯಾರ ಬೆನ್ನಿಗೂ ಯಂತ್ರವನ್ನು ಕಟ್ಟತಕ್ಕದ್ದಲ್ಲ; ಗಾಳಿಗೆ ಎದುರಾಗಿ ಹೊಡೆಯತಕ್ಕದ್ದಲ್ಲ. ಇವುಗಳನ್ನು ಒದಗಿಸುವುದು ಒಡೆಯನ ಹೊಣೆಯೆಂಬುದನ್ನು ಕೂಲಿಯವರ ಎದುರಿನಲ್ಲಿಯೇ ಹೇಳಿಸಬೇಕು. ಯಂತ್ರವನ್ನು ಹಳ್ಳದಲ್ಲಾಗಲಿ ಬಾವಿಯ ಬಳಿಯಲ್ಲಾಗಲಿ ತೊಳೆಯಕೂಡದು. ಹಿರೇಹಳ್ಳವನ್ನು 2019ರಲ್ಲಿ ಕೊಪ್ಪಳದ ಗವಿಮಠದ ಶ್ರೀಗಳ ಮುಂದಾಳುತನದಲ್ಲಿ ಜನರೇ ಕೂಡಿ ಸ್ವಚ್ಛಗೊಳಿಸಿದರೆಂಬುದು ಈ ಸೀಮೆಯವರೆಲ್ಲರಿಗೂ ತಿಳಿದ ಸಂಗತಿ; ಅಂಥ ನೀರಿಗೆ ವಿಷದ ತೊಳಸನ್ನು ಬಿಡುವುದು ಸಲ್ಲದು.

ಹೊತ್ತು ಇಳಿಯುವುದಕ್ಕೆ ಒಂದು ತಾಸು ಮುಂಚೆ ಹೊಸ ವಿಷಯವೆಲ್ಲವನ್ನೂ ನಿಲ್ಲಿಸಿ, ಪ್ರತಿಯೊಬ್ಬನೂ ತಾನು ಯಾವ ಹೊಲದಲ್ಲಿ, ಯಾವ ದಿನ, ಯಾರೊಡನೆ ನೂರು ಗಿಡ ಎಣಿಸುವನೆಂಬುದನ್ನು ತನ್ನ ಬಾಯಿಂದಲೇ ಹೇಳತಕ್ಕದ್ದು. ಊರಿನ ಶಾಲೆಯ ಮೇಲಿನ ತರಗತಿಯ ಹುಡುಗನೊಬ್ಬನು ಅದನ್ನು ಪುಸ್ತಕದಲ್ಲಿ ಬರೆದುಕೊಳ್ಳಲಿ. ‘ಪ್ರಯತ್ನಿಸುತ್ತೇನೆ’ ಎಂಬುದನ್ನು ಬರೆಯಬೇಡಿರಿ. ದಿನವನ್ನೂ ಹೊಲದ ಹೆಸರನ್ನೂ ಬರೆಯಿರಿ. ಈ ಪುಸ್ತಕವು ಇಲಾಖೆಗೆ ವರದಿ ಕಳುಹಿಸುವುದಕ್ಕಾಗಿ ಅಲ್ಲ, ಊರಿನಲ್ಲಿಯೇ ಇರಬೇಕು.

ಹತ್ತನೆಯ ದಿನ ಅದೇ ಇಪ್ಪತ್ತೈದು ಜನರು ಅದೇ ಬದುವಿನ ಮೇಲೆ ಒಂದು ತಾಸು ಮಾತ್ರ ಕೂಡತಕ್ಕದ್ದು. ಪತಂಗಗಳು ಒಂದೇ ಸಲಕ್ಕೆ ತತ್ತಿಯಿಟ್ಟು ಮುಗಿಸುವುದಿಲ್ಲವಾದುದರಿಂದ ಎರಡನೆಯ ಎಣಿಕೆಯಿಲ್ಲದೆ ಮೊದಲನೆಯದು ಅರ್ಧ ಕೆಲಸವೇ ಆಗುತ್ತದೆ. ಆ ದಿನ ಪುಸ್ತಕವನ್ನು ಓದಿಸಿ, ಎಣಿಸಿದವರ ಕಲ್ಲುಗಳನ್ನು ಮತ್ತೆ ಸುರಿಯಿಸಿರಿ. ಎಣಿಸದೆ ಬಂದವರನ್ನು ನಾಲ್ವರ ಮುಂದೆ ಹಳಿಯಬಾರದು, ಏಕೆ ಆಗಲಿಲ್ಲವೆಂದು ಕೇಳಬೇಕು. ಆಳು ಸಿಗಲಿಲ್ಲವೋ, ಒಡೆಯನು ಒಪ್ಪಲಿಲ್ಲವೋ, ಎಣಿಸುವ ಕ್ರಮವೇ ಮರೆತುಹೋಯಿತೋ ತಿಳಿಯಬೇಕು. ಕ್ರಮ ಮರೆತವರನ್ನು, ಅದನ್ನು ಚೆನ್ನಾಗಿ ಕಲಿತ ಹೆಣ್ಣಾಳೊಬ್ಬಳ ಜೊತೆಮಾಡಿ ಅಲ್ಲಿಂದಲೇ ಹೊಲಕ್ಕೆ ಕಳುಹಿಸಿಕೊಡುವುದು.